ಮೂರು ಮೂಲಕೃತಿ, ಮೂರು ಜಾತಿ: ಕೊರಿಯರ್‌ಗೆ ಪ್ಯಾಕ್ ಮಾಡೋದು ಹೇಗೆ?

ಬಣ್ಣದಡಬ್ಬಿ:
ಮೂರು ಕೃತಿ ಕಳಿಸಬೇಕಿದೆ.
ಒಂದು, 60×90 ಸೆಂ.ಮೀ. ಕ್ಯಾನ್ವಾಸ್. ಅಕ್ರಿಲಿಕ್, ಸ್ಟ್ರೆಚರ್ (ಕ್ಯಾನ್ವಾಸ್ ಎಳೆದು ಕಟ್ಟೋ ಮರದ ಚೌಕಟ್ಟು) ಮೇಲೇ ಇದೆ, ಅಲ್ಲಲ್ಲಿ ಚಾಕುವಿನಲ್ಲಿ ಬಳಿದ ದಪ್ಪ ಬಣ್ಣ.
ಎರಡು, ಗಾಜು ಹಾಕಿ ಫ್ರೇಮ್ ಮಾಡಿದ ಜಲವರ್ಣ, 40×50.
ಮೂರು, ಸಾಫ್ಟ್ ಪಾಸ್ಟೆಲ್ (ಪುಡಿ ಉದುರೋ ಬಣ್ಣದ ಕಡ್ಡಿಯ ಚಿತ್ರ), 30×40, ಬರೀ ಹಾಳೆ.
ಬಬಲ್ ರ‍್ಯಾಪ್ ಒಂದು ರೋಲ್ ಇದೆ. ಗುಳ್ಳೆ ಒಳಗೋ ಹೊರಗೋ? ಮೂರನ್ನೂ ಒಂದೇ ಪೆಟ್ಟಿಗೆಗೆ ಹಾಕಬಹುದಾ? ಕ್ಯಾನ್ವಾಸ್ ಬಿಚ್ಚಿ ಸುತ್ತಿ ಕಳಿಸಿದರೆ ಹೇಗೆ? ಕ್ಯಾನ್ವಾಸ್ ಹೊರದೇಶಕ್ಕೆ ಹೋಗಬೇಕು, ಉಳಿದೆರಡು ಇಲ್ಲೇ.

ರಟ್ಟುರಾಯ:
ಗುಳ್ಳೆ ಹೊರಗೆ. ಒಂದೇ ಪೆಟ್ಟಿಗೆ ಬೇಡ. ಸುತ್ತಬೇಡಿ, ದಪ್ಪ ಬಣ್ಣ ಇದೆ ಅಂದಿರಲ್ಲ.

ಸೀಸಕಡ್ಡಿ:
ಗುಳ್ಳೆ ಒಳಗಿದ್ದರೆ ವಸ್ತುವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತೆ ಅಂತಲ್ಲವಾ ಎಲ್ಲರೂ ಹೇಳೋದು?

ರಟ್ಟುರಾಯ:
ಪಾತ್ರೆ ಪಗಡಗಳಿಗೆ ಅದು ಸರಿ, ಚಿತ್ರಕ್ಕಲ್ಲ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಒಂದು ಮೆದು ಪ್ಲಾಸ್ಟಿಕ್ ಪೊರೆ ಅಷ್ಟೇ. ಬಿಸಿಲಲ್ಲಿ ನಿಂತ ಮುಚ್ಚಿದ ವ್ಯಾನಿನೊಳಗೆ ಅದು ಇನ್ನೂ ಮೆತ್ತಗಾಗುತ್ತೆ, ಅಂಟಂಟಾಗುತ್ತೆ. ಗುಳ್ಳೆ ಒತ್ತಿಕೊಂಡ ಕಡೆಯೆಲ್ಲ ಸಾಲುಸಾಲು ಉಂಗುರದ ಅಚ್ಚು ಬೀಳುತ್ತೆ. ನೇರ ನೋಡಿದರೆ ಕಾಣಿಸದು; ಪಕ್ಕದಿಂದ ಬೆಳಕು ಬಿದ್ದಾಗ ಇಡೀ ಚಿತ್ರದ ಮೇಲೆ ಎದ್ದು ಕಾಣುತ್ತೆ. ಒರೆಸಿದರೆ ಹೋಗೋದಲ್ಲ ಅದು, ಬಣ್ಣದೊಳಗೇ ಇಳಿದ ತಗ್ಗು.

ಗುಳ್ಳೆ ಹೊರಗಿಟ್ಟರೂ ಕಥೆ ಮುಗೀಲಿಲ್ಲ. ಸಪಾಟು ಬದಿಯೂ ಪ್ಲಾಸ್ಟಿಕ್ಕೇ, ಬಣ್ಣಕ್ಕೆ ನೇರ ತಾಗಿದರೆ ಅಲ್ಲಲ್ಲಿ ಹಿಡಿದುಕೊಂಡು ಹೊಳಪು ಬದಲಾಗುತ್ತೆ.

ಹಾಳೆಹುಳ:
ಅದಕ್ಕೇ ಮಧ್ಯೆ ಗ್ಲಾಸಿನ್ ಹಾಳೆ ಹಾಕೋದು. ಅದು ನುಣುಪಾದ, ಅರೆಪಾರದರ್ಶಕ ತೆಳು ಕಾಗದ, ಆಮ್ಲರಹಿತ ಅಂತ ನೋಡಿ ತಗೊಳ್ಳಿ. ಚಿತ್ರಕ್ಕಿಂತ ಎಲ್ಲ ಬದಿಗೂ 5 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಹಿಂದಕ್ಕೆ ಮಡಚಿ, ಟೇಪನ್ನು ಸ್ಟ್ರೆಚರ್‌ನ ಹಿಂಬದಿ ಮರಕ್ಕೆ ಮಾತ್ರ ಅಂಟಿಸಿ.

ಗಾಜುಗಣ್ಣು:
ಗ್ಲಾಸಿನ್ ಹಾಕಿದ್ರೆ ಆಯ್ತು ಅನ್ನೋ ನಂಬಿಕೆಯಿಂದಲೇ ಎಷ್ಟೋ ಅಕ್ರಿಲಿಕ್ ಹಾಳಾಗೋದು. ಒತ್ತಡ ಮತ್ತು ಬಿಸಿ ಎರಡೂ ಸೇರಿದರೆ ಗ್ಲಾಸಿನ್ನೂ ಅಂಟುತ್ತೆ. ಅದರಲ್ಲೂ ದಪ್ಪ ಬಣ್ಣದ ಏಣುಗಳ ತುದಿಗೆ. ಇಡೀ ಪ್ಯಾಕಿನ ಭಾರ ಅಲ್ಲೇ ಕೂರುತ್ತೆ. ಎಳೆದು ತೆಗೆದರೆ ಕಾಗದದ ನಾರು ಬಣ್ಣದ ಮೇಲೆ ಉಳಿಯುತ್ತೆ, ಇಲ್ಲಾ ಬಣ್ಣದ ತುದಿ ಕಾಗದಕ್ಕೆ ಹೋಗುತ್ತೆ. ಏನಾದರೂ ತಾಗಲೇಬೇಕು ಅಂದರೆ ಸಿಲಿಕೋನ್ ಲೇಪದ ರಿಲೀಸ್ ಪೇಪರ್ (ಸುಲಭವಾಗಿ ಅಂಟದ ಕಾಗದ), ಲೇಪದ ಬದಿ ಬಣ್ಣದ ಕಡೆಗೆ. ಟಿಶ್ಯೂ ಪೇಪರ್ ಅಂತೂ ಬೇಡವೇ ಬೇಡ. ನ್ಯೂಸ್‌ಪೇಪರ್ ಬಗ್ಗೆ ಹೇಳೋದೂ ಬೇಡ ಅಂದುಕೊಂಡಿದ್ದೀನಿ.

ಹಾಳೆಹುಳ:
ತೈಲವರ್ಣಕ್ಕೂ ಇದೇ ಮಾತಾ? ಪೂರ್ತಿ ಗಟ್ಟಿಯಾದ ತೈಲಕ್ಕೆ ಗ್ಲಾಸಿನ್ ಏನೂ ಮಾಡಲ್ಲ.

ಗಾಜುಗಣ್ಣು:
‘ಪೂರ್ತಿ ಗಟ್ಟಿಯಾದ’ ಅನ್ನೋದರಲ್ಲೇ ಇರೋದು ಎಲ್ಲ. ತೈಲ ಬೆರಳಿಗೆ ಒಣಗಿದ ಹಾಗೆ ಅನ್ನಿಸೋದು ಮೇಲಿನ ಪೊರೆ. ದಪ್ಪ ಬಣ್ಣ ಒಳಗೆ ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. 6ರಿಂದ 12 ತಿಂಗಳು ಬಿಟ್ಟು ವಾರ್ನಿಶ್ ಮಾಡಿ ಅಂತ ಹೇಳೋದು ಸುಮ್ಮನೆ ಅಲ್ಲ. ಅವಸರದಲ್ಲಿ ಕಳಿಸೋ ತೈಲವರ್ಣಕ್ಕೆ ಒಂದೇ ದಾರಿ, ಮುಖಕ್ಕೆ ಏನೂ ತಾಗದ ಹಾಗೆ ಪ್ಯಾಕ್ ಮಾಡೋದು.

ಬಣ್ಣದಡಬ್ಬಿ:
ಏನೂ ತಾಗದ ಹಾಗೆ ಅಂದರೆ ಹೇಗೆ? ಗಾಳಿಯಲ್ಲಿ ತೇಲಿಸೋದಾ?

ಅಳತೆಪಟ್ಟಿ:
ಹೆಚ್ಚು ಕಡಿಮೆ ಅದೇ. ಟ್ರೇ ಮಾಡಿ. ನಿಮ್ಮ 60×90ಗೆ ಅಳತೆ ಸಮೇತ ಹೇಳ್ತೀನಿ, ಸ್ಟ್ರೆಚರ್ ದಪ್ಪ 4 ಸೆಂ.ಮೀ. ಅಂತ ಇಟ್ಟುಕೊಳ್ಳಿ.

5 ಮಿ.ಮೀ. ಪ್ಲೈವುಡ್ ಎರಡು ತುಂಡು, 70×100. ಒಂದು ತಳ, ಇನ್ನೊಂದು ಮುಚ್ಚಳ. ಕ್ಯಾನ್ವಾಸನ್ನು ತಳದ ನಡುಮಧ್ಯೆ ಮುಖ ಮೇಲಾಗಿ ಇಟ್ಟು ಪೆನ್ಸಿಲ್‌ನಲ್ಲಿ ಸುತ್ತ ಗೀಟು ಹಾಕಿ. ತೆಗೆದು, ಸ್ಟ್ರೆಚರ್ ಬಾರ್ ಬರುವ ಕಡೆ ಪ್ಲೈಗೆ ಆರು ತೂತು ಕೊರೆಯಿರಿ. ನಾಲ್ಕು ತೂತು ಮೂಲೆಗಳ ಹತ್ತಿರ, ಉಳಿದೆರಡು ಉದ್ದ ಬದಿಗಳ ನಡುಮಧ್ಯೆ. ಬೆಣೆ (ಚೌಕಟ್ಟು ಬಿಗಿ ಮಾಡೋ ಮರದ ಚೂರು) ಇರುವ ಮೂಲೆಯ ಸಂದಿಗೆ ಕೊರೆಯಬೇಡಿ, ಅಲ್ಲಿಂದ 8-10 ಸೆಂ.ಮೀ. ದೂರ ಬನ್ನಿ. ಪ್ಲೈ ಹಿಂದಿನಿಂದ 25 ಮಿ.ಮೀ. ಸ್ಕ್ರೂ ಹಾಕಿದರೆ ಮರದೊಳಗೆ 20 ಮಿ.ಮೀ. ಹೋಗುತ್ತೆ, ಮುಂದೆ ಇನ್ನೂ 20 ಉಳಿಯುತ್ತೆ. ಸ್ಟ್ರೆಚರ್ 2 ಸೆಂ.ಮೀ.ದ್ದೇ ಆದರೆ 16 ಮಿ.ಮೀ. ಸ್ಕ್ರೂ ಸಾಕು. ಈ ಲೆಕ್ಕ ತಪ್ಪಿದರೆ ಸ್ಕ್ರೂ ಮೊನೆ ಚಿತ್ರದ ಮುಖದಲ್ಲೇ ಹೊರಬರುತ್ತೆ.

ಆಮೇಲೆ ತಳದ ಅಂಚಿಗೆ ಸುತ್ತಲೂ 6 ಸೆಂ.ಮೀ. ಎತ್ತರದ ಗೋಡೆ. ಗಟ್ಟಿ ಫೋಮ್ ಪಟ್ಟಿಯಾದರೂ ಸರಿ, ಮರದ ರೀಪಾದರೂ ಸರಿ. ಕ್ಯಾನ್ವಾಸ್ 4, ಗೋಡೆ 6, ಅಂದರೆ ಮುಖದ ಮೇಲೆ 2 ಸೆಂ.ಮೀ. ಗಾಳಿ. ಮೇಲೆ ಮುಚ್ಚಳ. ಬಣ್ಣಕ್ಕೆ ಏನೂ ತಾಗಲಿಲ್ಲ, ಕ್ಯಾನ್ವಾಸ್ ಅಲುಗಾಡಲೂ ಇಲ್ಲ, ಹಿಡಿತವೆಲ್ಲ ಹಿಂದಿನ ಮರದಲ್ಲಿ.

ಇದ್ದಿಲು:
ಟ್ರೇ ಮಾಡೋಕೆ ಮುಂಚೆ ಬೆಣೆ ನೋಡಿ ಮಾರಾಯ್ರೆ. ಸ್ಟ್ರೆಚರ್ ಮೂಲೆಯಲ್ಲಿ ಹೊಡೆದ ಮರದ ಬೆಣೆಗಳು ಗಾಡಿಯ ಕುಲುಕಾಟಕ್ಕೆ ಸಡಿಲಾಗಿ ಬಿದ್ದು, ಕ್ಯಾನ್ವಾಸಿಗೂ ಕೆಳಗಿನ ಬಾರ್‌ಗೂ ನಡುವೆ ಸಿಕ್ಕಿಕೊಳ್ಳುತ್ತವೆ. ಮುಂದಿನಿಂದ ನೋಡಿದರೆ ಕೆಳ ಅಂಚಿನಲ್ಲಿ ಒಂದು ಉಬ್ಬು. ಅಲ್ಲೇ ಕೆಲವು ದಿನ ಇದ್ದರೆ ಉಬ್ಬಿದ ಕಡೆ ಬಣ್ಣ ಬಿರುಕು ಬಿಡುತ್ತೆ. ಬೆಣೆಗೆ ಸಣ್ಣ ತೂತು ಮಾಡಿ ದಾರ ಕಟ್ಟಿ ಬಾರ್‌ಗೆ ಬಿಗಿಯಿರಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಬೆಣೆಯ ಮೇಲಿಂದ ಬಾರ್‌ವರೆಗೆ ಗಟ್ಟಿ ಟೇಪ್.

ನೇತುಹಾಕುವ ತಂತಿ, ಕೊಂಡಿಗಳನ್ನೂ ಬಿಚ್ಚಿ ಒಂದು ಚೀಲದಲ್ಲಿ ಹಾಕಿ ತಳಕ್ಕೆ ಅಂಟಿಸಿ. ತಂತಿಯನ್ನು ಹಾಗೇ ಬಿಟ್ಟರೆ ಹಿಂದಿನಿಂದ ಕ್ಯಾನ್ವಾಸನ್ನು ಬಡಿಯುತ್ತಲೇ ಇರುತ್ತೆ.

ಅಳತೆಪಟ್ಟಿ:
ಬೆಣೆ ವಿಷಯ ನಾನು ಮೊದಲೇ ಬರೀಬೇಕಿತ್ತು, ಸರಿ. ಹಿಂದೆ ಪ್ಲೈ ಮುಚ್ಚಿರೋದರಿಂದ ಇನ್ನೊಂದು ಲಾಭವೂ ಇದೆ. ಕ್ಯಾನ್ವಾಸ್ ಡೋಲಿನ ಚರ್ಮ ಇದ್ದ ಹಾಗೆ, ಗಾಡಿ ಓಡುವಾಗ ಅದುರುತ್ತೆ. ಹಿಂದೆ ಗಾಳಿ ಮುಚ್ಚಿಹೋದರೆ ಅದುರು ಕಡಿಮೆಯಾಗುತ್ತೆ.

ಮೂಲೆಮನೆ:
ಇಷ್ಟೆಲ್ಲಾ ಸರ್ಕಸ್ ಯಾಕೆ? ಬಿಚ್ಚಿ, ಸುತ್ತಿ, ಟ್ಯೂಬಿಗೆ ಹಾಕಿ. ತೂಕದ ಲೆಕ್ಕ ನೋಡಿ. ಕೊರಿಯರ್‌ನವರು ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕ್ತಾರೆ. ಉದ್ದ×ಅಗಲ×ಎತ್ತರ ಸೆಂ.ಮೀ.ಯಲ್ಲಿ, ಭಾಗಿಸು 5000. ಏರ್ ಎಕ್ಸ್‌ಪ್ರೆಸ್‌ನಲ್ಲಿ ಸಾಮಾನ್ಯವಾಗಿ ಇದೇ ಲೆಕ್ಕ. ಟ್ಯೂಬ್ 80×15×15 ಅಂದರೆ 3.6 ಕೆ.ಜಿ. ನಿಮ್ಮ ಟ್ರೇಗೆ ಸುತ್ತ 5 ಸೆಂ.ಮೀ. ಫೋಮ್ ಹಾಕಿ ಹೊರ ಪೆಟ್ಟಿಗೆ ಮಾಡಿದರೆ 80×110×17, ಹತ್ತಿರ ಹತ್ತಿರ 30 ಕೆ.ಜಿ. ಎಂಟು ಪಟ್ಟು!

ರಟ್ಟುರಾಯ:
ಲೆಕ್ಕ ಸರಿ, ಸಲಹೆ ತಪ್ಪು. ದಪ್ಪ ಬಣ್ಣದ ಏಣು ಬಾಗಲ್ಲ, ಬುಡದಲ್ಲಿ ಬಿರಿಯುತ್ತೆ. ತೆಳುವಾಗಿ ಬಳಿದ ಅಕ್ರಿಲಿಕ್ ಆಗಿದ್ದರೆ ನಾನೂ ಟ್ಯೂಬ್ ಅಂತಲೇ ಹೇಳ್ತಿದ್ದೆ. ಹಳೆಯ ತೈಲವರ್ಣ ಆಗಿದ್ದರೆ ಅದಕ್ಕೂ ಬೇಡ ಅಂತಿದ್ದೆ.

ಮೂಲೆಮನೆ:
ದಪ್ಪ ‘ಅಲ್ಲಲ್ಲಿ’ ಅಂದಿದ್ದಾರೆ. ಅಗಲವಾದ ಟ್ಯೂಬ್ ತಗೊಂಡರೆ ಆಯ್ತು.

ರಟ್ಟುರಾಯ:
ಒಂದೇ ಏಣು ಬಿರಿದರೂ ಅದು ಬಿರಿದ ಚಿತ್ರವೇ ತಾನೆ. ಮತ್ತೆ ಅಲ್ಲಿ ಪಡೆದುಕೊಂಡವರು ಸ್ಟ್ರೆಚರ್‌ಗೆ ಮರಳಿ ಎಳೆಯಬೇಕು. ಹಳೇ ಮಡಿಕೆಯ ಗೀಟಿಗೆ ಸರಿಯಾಗಿ ಕೂರಿಸೋ ಕೈ ಅವರ ಬಳಿ ಇದೆಯಾ ಅಂತ ಮೊದಲು ಕೇಳಿ.

ಹಾಳೆಹುಳ:
ಟ್ಯೂಬ್ ಜಗಳ ಹೇಗಾದರೂ ಆಗಲಿ, ತೆಳು ಬಣ್ಣದ್ದು ಸುತ್ತುವವರಿಗೆ ಕ್ರಮ ಹೇಳಿಬಿಡ್ತೀನಿ, ಯಾಕೆಂದರೆ ಮುಕ್ಕಾಲು ಜನ ಉಲ್ಟಾ ಮಾಡ್ತಾರೆ. ಬಣ್ಣದ ಬದಿ ಹೊರಗೆ ಬರುವ ಹಾಗೆ ಸುತ್ತಬೇಕು. ಹೊರಗಿದ್ದರೆ ಬಣ್ಣದ ಪದರ ಸ್ವಲ್ಪ ಹಿಗ್ಗುತ್ತೆ, ಬಿಡಿಸಿದಾಗ ಮತ್ತೆ ಕೂಡುತ್ತೆ. ಒಳಗಿದ್ದರೆ ಪದರ ಕುಗ್ಗಿ ಒತ್ತಿಕೊಂಡು ನಿರಿಗೆ ಏಳುತ್ತೆ, ಕ್ಯಾನ್ವಾಸಿಂದ ಮೇಲೇಳುತ್ತೆ. ಎದ್ದ ಬಣ್ಣ ಮತ್ತೆ ಕೂರಲ್ಲ.

ಟ್ಯೂಬಿನ ಒಳಗೆ ತುರುಕೋದಲ್ಲ. 10 ಸೆಂ.ಮೀ. ಅಥವಾ ಅದಕ್ಕೂ ಅಗಲದ ಒಳ ಟ್ಯೂಬಿನ ಮೇಲೆ ಸುತ್ತಿ, ಮಧ್ಯೆ ರಿಲೀಸ್ ಪೇಪರ್ ಕೊಟ್ಟು, ಹೊರಗೆ ಇನ್ನೊಂದು ದೊಡ್ಡ ಟ್ಯೂಬ್. ಒಳ ಟ್ಯೂಬ್ ಕ್ಯಾನ್ವಾಸಿಗಿಂತ ಎರಡೂ ತುದಿಯಲ್ಲಿ ಕನಿಷ್ಠ 3 ಸೆಂ.ಮೀ. ಹೆಚ್ಚಿರಬೇಕು, ಆಗ ತುದಿಗೆ ಬಿದ್ದ ಏಟು ಟ್ಯೂಬಿಗೆ ಬೀಳುತ್ತೆ, ಚಿತ್ರದ ಅಂಚಿಗಲ್ಲ. ರಬ್ಬರ್ ಬ್ಯಾಂಡ್ ಹಾಕಬೇಡಿ, ಗೆರೆ ಬೀಳುತ್ತೆ. ಅಗಲ ಬಟ್ಟೆ ಪಟ್ಟಿ ಕಟ್ಟಿ. ಚಳಿ ಕೋಣೆಯಲ್ಲಿ ಸುತ್ತಬೇಡಿ. ಅಕ್ರಿಲಿಕ್ 5 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಗಡುಸಾಗಿ, ಬಗ್ಗಿಸಿದರೆ ಸೀಳುತ್ತೆ.

ಮೂಲೆಮನೆ:
ಸರಿ, ಈ ಚಿತ್ರಕ್ಕೆ ಟ್ಯೂಬ್ ವಾಪಸ್ ತಗೊಂಡೆ. ಆದರೆ 30 ಕೆ.ಜಿ. ಲೆಕ್ಕ ವಾಪಸ್ ತಗೊಳ್ಳಲ್ಲ.

ಅಳತೆಪಟ್ಟಿ:
ಅದನ್ನೂ ಇಳಿಸಬಹುದು. ಪೆಟ್ಟಿಗೆ ಬೀಳೋದು ಸಾಮಾನ್ಯವಾಗಿ ಅಂಚಿಗೆ, ಮೂಲೆಗೆ. ಅಗಲ ಮುಖಗಳಿಗೆ ಬರೋ ಅಪಾಯ ಬೇರೆ: ಇನ್ನೊಂದು ಪೆಟ್ಟಿಗೆಯ ಮೂಲೆ ಚುಚ್ಚೋದು. ಚುಚ್ಚೋದನ್ನು ಪ್ಲೈ ತಡೆಯುತ್ತೆ. ಹಾಗಾಗಿ ಅಂಚುಗಳಿಗೆ 5 ಸೆಂ.ಮೀ. ಫೋಮ್, ಮುಖಗಳಿಗೆ 3 ಸಾಕು. 80×110×13, ಸುಮಾರು 23 ಕೆ.ಜಿ. ಪ್ಲೈ ಬದಲು ಎರಡು ಪದರದ ರಟ್ಟು ಅಡ್ಡಡ್ಡ ಅಂಟಿಸಿದರೆ ನಿಜ ತೂಕ ಇಳಿಯುತ್ತೆ, ಗಾತ್ರದ ತೂಕ ಅಷ್ಟೇ ಇರುತ್ತೆ. ಅಲ್ಲಿ ಉಳಿತಾಯ ಇಲ್ಲ.

ಸೀಸಕಡ್ಡಿ:
ಫೋಮ್ ಎಷ್ಟು ಹಾಕಿದರೂ ಒಳ್ಳೇದೇ ಅಲ್ವಾ? ಇಡೀ ಅಂಚಿಗೆ ತುಂಬಿಬಿಟ್ಟರೆ?

ಅಳತೆಪಟ್ಟಿ:
ಇಲ್ಲೇ ಎಲ್ಲರೂ ಎಡವೋದು. ಫೋಮ್ ಕುಗ್ಗಿದರೆ ಮಾತ್ರ ಏಟು ನುಂಗುತ್ತೆ. ಕುಗ್ಗದೆ ನಿಂತರೆ ಅದೂ ಒಂದು ಮರದ ತುಂಡೇ, ಏಟನ್ನು ಹಾಗೇ ಒಳಗೆ ದಾಟಿಸುತ್ತೆ.

ಲೆಕ್ಕ ನೋಡಿ. ಉದಾಹರಣೆಗೆ, ಹೊದಿಕೆ ಹಾಕಿದ ಚಿತ್ರ 3 ಕೆ.ಜಿ., 90 ಸೆಂ.ಮೀ. ಉದ್ದದ ಅಂಚಿನ ಮೇಲೆ ನಿಂತಿದೆ, ದಪ್ಪ 4 ಸೆಂ.ಮೀ. ಅಡಿಯಲ್ಲಿ ಪೂರ್ತಿ ಪಾಲಿಥಿನ್ ಫೋಮ್ ಇಟ್ಟರೆ 360 ಚದರ ಸೆಂ.ಮೀ. ಮೇಲೆ 3000 ಗ್ರಾಂ, ಅಂದರೆ ಚದರ ಸೆಂಟಿಮೀಟರ್‌ಗೆ 8 ಗ್ರಾಂ ಚಿಲ್ಲರೆ. ಗಡುಸು ಫೋಮ್‌ಗೆ ಇದು ನೊಣ ಕೂತ ಹಾಗೆ. ಅದರ ಬದಲು ಎರಡು ಮೂಲೆಗೆ 10-10 ಸೆಂ.ಮೀ. ಉದ್ದದ ತುಂಡು ಮಾತ್ರ ಇಟ್ಟರೆ 80 ಚದರ ಸೆಂ.ಮೀ., ಚದರ ಸೆಂಟಿಮೀಟರ್‌ಗೆ 37.5 ಗ್ರಾಂ. ಈಗ ಬಿದ್ದಾಗ ಫೋಮ್ ತಗ್ಗಿ ಏಳುತ್ತೆ. ನಿಮ್ಮ ಟ್ರೇ ಇದಕ್ಕಿಂತ ಭಾರ ಇರುತ್ತೆ, ಅದನ್ನು ತೂಗಿ ಮೂಲೆಯ ತುಂಡನ್ನು ಅದೇ ಲೆಕ್ಕದಲ್ಲಿ ಹಿಗ್ಗಿಸಿ. ಉಲ್ಟಾ ತಪ್ಪೂ ಇದೆ: ಹಾಸಿಗೆಯ ಸ್ಪಂಜಿನಂಥ ಮೆದು ಫೋಮ್ ಇಟ್ಟರೆ ಪೂರ್ತಿ ಚಪ್ಪಟೆಯಾಗಿ ತಳ ತಾಗುತ್ತೆ, ಅಲ್ಲಿಂದಾಚೆ ಏಟು ನೇರ ಒಳಗೆ.

ಬಿಳಿ ಥರ್ಮಾಕೋಲ್ ಒಂದೇ ಏಟಿಗೆ ಜಜ್ಜಿಹೋಗಿ ಮತ್ತೆ ಉಬ್ಬಲ್ಲ. ಎರಡನೇ ಸಲ ಬಿದ್ದಾಗ ಅಲ್ಲಿರೋದು ಬರೀ ತಗ್ಗು.

ಸೀಸಕಡ್ಡಿ:
ಇದು ನನಗೆ ಹೊಸದು. ಬಿಡಿ ಥರ್ಮಾಕೋಲ್ ಕಾಳು?

ರಟ್ಟುರಾಯ:
ಚಪ್ಪಟೆ, ಭಾರದ ವಸ್ತುವಿಗೆ ದಂಡ. ಕುಲುಕಿದ ಹಾಗೆಲ್ಲ ಕಾಳು ಪಕ್ಕಕ್ಕೆ ಸರಿದು ಫ್ರೇಮ್ ಕೆಳಗಿಳಿದು ತಳದ ರಟ್ಟಿಗೆ ಕೂರುತ್ತೆ. ಮೇಲೆ ಅಷ್ಟೂ ಕಾಳು, ಕೆಳಗೆ ಸೊನ್ನೆ. ಒಡೆದ ಚೂರು ಪಾಸ್ಟೆಲ್‌ಗೆ ಅಂಟಿದರಂತೂ ಕೇಳೋದೇ ಬೇಡ.

ಬಣ್ಣದಡಬ್ಬಿ:
ಕ್ಯಾನ್ವಾಸ್ ದಾರಿಗೆ ಬಂತು. ಗಾಜಿನದು?

ಗಾಜುಗಣ್ಣು:
ಗಾಜು ತೆಗೆದುಬಿಡಿ. 2 ಅಥವಾ 3 ಮಿ.ಮೀ. ಅಕ್ರಿಲಿಕ್ ಶೀಟ್, ಅಂದರೆ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಹಾಕಿ. ಭಾರ ಅರ್ಧಕ್ಕೂ ಇಳಿಯುತ್ತೆ, ಒಡೆದು ಚೂರಾಗಿ ಕಾಗದ ಕೊಯ್ಯುವ ಭಯವೂ ಇಲ್ಲ. ಜಲವರ್ಣಕ್ಕೆ ಗಾಜಿನ ಚೂರಿಗಿಂತ ಕೆಟ್ಟ ಶತ್ರು ನೀರೊಂದೇ.

ಹಾಳೆಹುಳ:
ಪಡೆಯುವವರು ಗಾಜೇ ಬೇಕು ಅಂದರೆ?

ಗಾಜುಗಣ್ಣು:
ಆಗ ಗಾಜಿನ ಮೇಲೆ ಪೇಂಟರ್ಸ್ ಟೇಪ್, ಸುಲಭವಾಗಿ ಬಿಡೋ ಜಾತಿಯದು. ಬರೀ ಒಂದು ಇಂಟು ಗುರುತು ಹಾಕಿದರೆ ಸಾಲದು. ಒಂದರ ಪಕ್ಕ ಒಂದು ಪಟ್ಟಿ ಅಂಚಿಗೆ ಅಂಚು ಸೇರಿಸಿ ಪೂರ್ತಿ ಮುಚ್ಚಿ. ಟೇಪ್ ಒಡೆಯೋದನ್ನು ತಡೆಯಲ್ಲ, ಒಡೆದ ಚೂರು ಉದುರದ ಹಾಗೆ ಹಿಡಿಯುತ್ತೆ, ಅಷ್ಟೇ. ಫ್ರೇಮಿಗೆ ಟೇಪ್ ತಾಗಬಾರದು, ಚಿನ್ನದ ಹಾಳೆ ಅಂಟಿಸಿದ ಫ್ರೇಮಾದರೆ ಅದು ಟೇಪಿನ ಜತೆಗೇ ಎದ್ದು ಬರುತ್ತೆ. ಪ್ರತಿಫಲನ ತಡೆಯುವ ಲೇಪದ ಗಾಜಿಗೆ ಟೇಪ್ ಹಾಕಲೇಬೇಡಿ, ಲೇಪ ಹೋಗುತ್ತೆ. ಅಕ್ರಿಲಿಕ್ ಶೀಟಿಗೂ ಬೇಡ, ಬೇಕಾಗಿಯೂ ಇಲ್ಲ.

ಇದ್ದಿಲು:
ಅಕ್ರಿಲಿಕ್ ಶೀಟ್ ಅಂದಾಕ್ಷಣ ಎಲ್ಲದಕ್ಕೂ ಹಾಕಬೇಡಿ ಮತ್ತೆ. ಉಜ್ಜಿದರೆ ಸ್ಥಾಯೀ ವಿದ್ಯುತ್ ಹುಟ್ಟಿ ಪಾಸ್ಟೆಲ್ ಪುಡಿಯನ್ನು, ಇದ್ದಿಲ ಪುಡಿಯನ್ನು ಎಳೆದುಕೊಳ್ಳುತ್ತೆ. ಶೀಟಿನ ಒಳಬದಿಯಲ್ಲಿ ನೆರಳಿನ ಹಾಗೆ ಇನ್ನೊಂದು ಚಿತ್ರ. ಮೂರನೆಯ ಕೃತಿಗೆ ಇದು ಸಲ್ಲದು.

ಬಣ್ಣದಡಬ್ಬಿ:
ಹಾಗಾದರೆ ಪಾಸ್ಟೆಲ್ ಹೇಗೆ? ಫಿಕ್ಸೆಟಿವ್ (ಪುಡಿ ಹಿಡಿದಿಡೋ ಸ್ಪ್ರೇ) ಹೊಡೆದು ಗ್ಲಾಸಿನ್ ಸುತ್ತಿದರೆ?

ಇದ್ದಿಲು:
ಫಿಕ್ಸೆಟಿವ್ ಉದುರೋದನ್ನು ಕಡಿಮೆ ಮಾಡುತ್ತೆ, ನಿಲ್ಲಿಸಲ್ಲ. ನಿಲ್ಲಿಸುವಷ್ಟು ಹೊಡೆದರೆ ತಿಳಿ ಬಣ್ಣಗಳು ಮಂಕಾಗಿ ಪಾಸ್ಟೆಲ್‌ನ ಪುಡಿಪುಡಿ ಹೊಳಪೇ ಹೋಗಿಬಿಡುತ್ತೆ. ಪ್ಯಾಕಿಂಗಿಗೋಸ್ಕರ ಚಿತ್ರ ಕೆಡಿಸಬೇಡಿ.

ಮೊದಲು ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ಹಿಂದಿನಿಂದ ಬೆರಳಲ್ಲಿ ನಾಲ್ಕಾರು ಸಲ ತಟ್ಟಿ. ಹೇಗೂ ಉದುರೋ ಪುಡಿ ಇಲ್ಲೇ ಉದುರಲಿ. ಆಮೇಲೆ ಗಟ್ಟಿ ಆಮ್ಲರಹಿತ ಬೋರ್ಡ್, 40×50. ಅದರ ಮೇಲೆ ಹಾಳೆಯನ್ನು ಮೂಲೆ ಜೇಬುಗಳಲ್ಲಿ ಕೂರಿಸಿ. ಜೇಬು ಕೈಯಲ್ಲೇ ಮಾಡಬಹುದು: ಆಮ್ಲರಹಿತ ಕಾಗದದ ಪಟ್ಟಿ 3×9 ಸೆಂ.ಮೀ., ನಡುವಿನಿಂದ ಎರಡೂ ರೆಕ್ಕೆಗಳನ್ನು ಕೆಳಕ್ಕೆ ಓರೆಯಾಗಿ ಮಡಚಿದರೆ ದೋಣಿ ಮಾಡೋವಾಗ ಬರೋ ಥರ ತ್ರಿಕೋನ ಬರುತ್ತೆ. ಅದನ್ನು ಹಾಳೆಯ ಮೂಲೆಗೆ ತೊಡಿಸಿ, ಬಾಲಗಳನ್ನು ಬೋರ್ಡಿಗೆ ಟೇಪ್ ಮಾಡಿ. ಟೇಪ್ ಹಾಳೆಗೆ ಒಂದು ಚೂರೂ ತಾಗಬಾರದು. ಸುತ್ತ 1 ಮಿ.ಮೀ. ಸಡಿಲ ಬಿಡಿ, ತೇವಕ್ಕೆ ಕಾಗದ ಹಿಗ್ಗುತ್ತೆ. ಬಿಗಿ ಇದ್ದರೆ ನಡುವೆ ಉಬ್ಬಿ ಮುಚ್ಚಳಕ್ಕೆ ತಾಗುತ್ತೆ.

ಮೇಲೆ 5 ಮಿ.ಮೀ. ಫೋಮ್ ಬೋರ್ಡಿನ ಕಿಟಕಿ ಚೌಕಟ್ಟು, ಅದೇ 40×50, ಒಳ ಕಿಟಕಿ ಚಿತ್ರಕ್ಕಿಂತ ತುಸು ದೊಡ್ಡದು. ಅದರ ಮೇಲೆ ಇನ್ನೊಂದು ಬೋರ್ಡ್ ಮುಚ್ಚಿ ನಾಲ್ಕೂ ಬದಿ ಟೇಪ್.

ಹಾಳೆಹುಳ:
ಗ್ಲಾಸಿನ್ ನೇರ ಇಟ್ಟರೇನೂ ಪ್ರಳಯ ಆಗಲ್ಲ. ಪಾಸ್ಟೆಲ್ ಕೆಡೋದು ಗ್ಲಾಸಿನ್ ತಾಗಿದ್ದಕ್ಕಲ್ಲ, ಜಾರಿದ್ದಕ್ಕೆ. ನಾಲ್ಕೂ ಬದಿ ಬಿಗಿಯಾಗಿ ಬೋರ್ಡಿಗೆ ಕಟ್ಟಿ, ತೆಗೆಯುವಾಗ ಪಕ್ಕಕ್ಕೆ ಎಳೆಯದೆ ನೇರ ಮೇಲೆತ್ತಿದರೆ ಸಾಕು.

ಇದ್ದಿಲು:
ನೀವು ಹಾಗೆ ಎತ್ತುತ್ತೀರಿ. ಪಡೆಯುವವರು ಮೂಲೆ ಹಿಡಿದು ಸರ್ರಂತ ಎಳೀತಾರೆ.

ಹಾಳೆಹುಳ:
ಮೇಲೆ ಬರೆದಿಡಿ: ‘ಎಳೆಯಬೇಡಿ, ಎತ್ತಿ’.

ಇದ್ದಿಲು:
ಪೆಟ್ಟಿಗೆ ಮೇಲೆ ಬರೆದದ್ದನ್ನು ಓದುವ ಪ್ರಪಂಚ ಆಗಿದ್ದರೆ ನಾವು ಇಲ್ಲಿ ಇಷ್ಟು ಹೊತ್ತು ಬರೀತಾ ಕೂರ್ತಿರಲಿಲ್ಲ.

ಮೂಲೆಮನೆ:
ಅದಕ್ಕೇ ಕೇಳ್ತೀನಿ, ‘ಒಡೆಯುವ ವಸ್ತು’ ಸ್ಟಿಕ್ಕರ್‌ನಿಂದ ಏನಾದರೂ ಪ್ರಯೋಜನ ಇದೆಯಾ?

ರಟ್ಟುರಾಯ:
ಬೆಲ್ಟ್ ಮೇಲೆ ಯಂತ್ರ ವಿಂಗಡಿಸುವಾಗ ಸ್ಟಿಕ್ಕರ್ ಯಾರು ಓದ್ತಾರೆ? ಸ್ಟಿಕ್ಕರ್ ಇಲ್ಲದೆಯೂ ಬದುಕುವ ಹಾಗೆ ಕಟ್ಟಿ, ಆಮೇಲೆ ಸಮಾಧಾನಕ್ಕೆ ಒಂದು ಅಂಟಿಸಿ. ಮನುಷ್ಯರ ಕೈಗೆ ಸಿಗೋ ಕಡೆ ಲೋಟ, ಕೊಡೆ, ಮೇಲ್ಮುಖ ಬಾಣ, ಈ ಚಿತ್ರಗುರುತುಗಳು ಪದಗಳಿಗಿಂತ ಮೇಲು. ಐಎಸ್‌ಒ 780 ಅನ್ನೋ ಅಂತರರಾಷ್ಟ್ರೀಯ ಪ್ಯಾಕಿಂಗ್ ಮಾನದಂಡದಲ್ಲಿ ಇರೋ ಗುರುತುಗಳೇ ಅವು, ಭಾಷೆ ಗೊತ್ತಿಲ್ಲದವರಿಗೂ ತಿಳಿಯುತ್ತೆ.

ಸೀಸಕಡ್ಡಿ:
ನಡುವೆ ಬಾಯಿ ಹಾಕ್ತಿದ್ದೀನಿ, ಸುಟ್ಟ ಮಣ್ಣಿನ ಮುಖವಾಡ ಕಳಿಸೋಕೂ ಇದೇ ಟ್ರೇ ಆಗುತ್ತಾ?

ಅಳತೆಪಟ್ಟಿ:
ಆಗಲ್ಲ. ಮುಖವಾಡದ ಹಿಂದಿನ ಟೊಳ್ಳನ್ನು ಮೊದಲು ಮೆತ್ತಗೆ ತುಂಬಿ, ಭಾರ ಗಟ್ಟಿ ಭಾಗದ ಮೇಲೆ ಕೂರಬೇಕು. ಮೂಗು, ಕಿವಿ, ಅಂಚಿನ ಮೇಲಲ್ಲ. ಚಾಚಿದ ಭಾಗಗಳ ಸುತ್ತ ಫೋಮ್ ಒತ್ತಬೇಡಿ, ಖಾಲಿ ಬಿಡಿ. ಬೇರೆ ಚರ್ಚೆ ತೆರೆಯಿರಿ, ಅದಕ್ಕೆ ಹೇಳೋದು ಬೇಕಾದಷ್ಟಿದೆ.

ಬಣ್ಣದಡಬ್ಬಿ:
ಹೊರ ಪೆಟ್ಟಿಗೆಗೆ ಹಳೇ ಟಿವಿ ಡಬ್ಬ ಆಗುತ್ತಾ? ಅಳತೆ ಸರಿಯಾಗಿದೆ.

ರಟ್ಟುರಾಯ:
ಹೆಬ್ಬೆರಳಿನಿಂದ ಅಂಚು ಒತ್ತಿ ನೋಡಿ. ಬಲವಾಗಿ ಒತ್ತದೆಯೇ ಕುಸಿದರೆ ಒಳಗಿನ ಅಲೆಅಲೆಯಾದ ಕಾಗದ ಸತ್ತಿದೆ ಅಂತ ಅರ್ಥ. ರಟ್ಟಿನ ಶಕ್ತಿ ಇರೋದೇ ಆ ಅಲೆಗಳಲ್ಲಿ. ಒಮ್ಮೆ ಮಡಿಕೆ ಬಿದ್ದ, ಒಮ್ಮೆ ತೇವ ಕುಡಿದ ರಟ್ಟು ಮೊದಲಿನ ಹಾಗೆ ಆಗಲ್ಲ. ಎರಡು ಅಲೆಯ ಹೊಸ ರಟ್ಟು ತಗೊಳ್ಳಿ, ಅಂದರೆ ಅಂಚಿನಲ್ಲಿ ನೋಡಿದರೆ ಎರಡು ಸಾಲು ಅಲೆ, ನಡುವೆ ಒಂದು ಹಾಳೆ. ಪಾಸ್ಟೆಲ್ ಬೋರ್ಡಿನ ಹಿಂದೆ ಮುಂದೆ ರಟ್ಟು ಇಡುವಾಗ ಒಂದರ ಅಲೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ. ಎರಡೂ ಒಂದೇ ದಿಕ್ಕಿಗಿದ್ದರೆ ಆ ದಿಕ್ಕಿನಲ್ಲಿ ಪುಸ್ತಕದ ಹಾಗೆ ಮಡಚಿಕೊಳ್ಳುತ್ತೆ.

ಟೇಪ್ 5 ಸೆಂ.ಮೀ. ಅಗಲದ್ದು, ನಡು ಸಂದಿ ಮತ್ತು ಎರಡೂ ತುದಿ. ಮಾಸ್ಕಿಂಗ್ ಟೇಪ್ ಹೊರ ಪೆಟ್ಟಿಗೆಗೆ ಉಪಯೋಗವಿಲ್ಲ, ಬಿಸಿಗೆ ಬಿಟ್ಟುಹೋಗುತ್ತೆ. ಒಳಗಿನ ಪ್ರತಿ ಟೇಪಿನ ತುದಿ 2 ಸೆಂ.ಮೀ. ಮಡಚಿ ಕಿವಿ ಬಿಡಿ. ಕಿವಿ ಇದ್ದರೆ ಎಳೀತಾರೆ, ಇಲ್ಲದಿದ್ದರೆ ಚಾಕು ಹಾಕ್ತಾರೆ. ಇಷ್ಟೆಲ್ಲ ದೂರ ಸುರಕ್ಷಿತವಾಗಿ ಬಂದ ಚಿತ್ರ ಕೊನೆಗೆ ಬಿಚ್ಚುವ ಚಾಕುವಿಗೆ ಬಲಿಯಾಗೋದುಂಟು.

ಗಾಜುಗಣ್ಣು:
ಇನ್ನು ತೇವ. ಟ್ರೇ, ಫ್ರೇಮ್, ಪಾಸ್ಟೆಲ್ ಬೋರ್ಡ್ ಮೂರನ್ನೂ ಪಾಲಿಥಿನ್ ಹಾಳೆಯಲ್ಲಿ ಸುತ್ತಿ ಸೀಲ್ ಮಾಡಿ. ಪಿವಿಸಿ ಬೇಡ, ಅದರ ಮೆದುಕಾರಕ ಹೊರಬಂದು ಅಂಟುತ್ತೆ.

ಹಾಳೆಹುಳ:
ಪೂರ್ತಿ ಸೀಲ್ ಮಾಡಿದರೆ ಒಳಗೆ ಬೆವರಲ್ವಾ? ಸಣ್ಣ ತೂತು ಬಿಡಬೇಕು ಅಂತಾರೆ.

ಗಾಜುಗಣ್ಣು:
ತೂತು ಬಿಟ್ಟರೆ ಮಳೆ ನೀರಿಗೂ ದಾರಿ ಬಿಟ್ಟ ಹಾಗೆ. ಒಳಗೆ ಬರೀ ಗಾಳಿ ಇದ್ದರೆ ತಣ್ಣಗಾದಾಗ ಬೆವರುತ್ತೆ, ನಿಜ. ಆದರೆ ಒಳಗೆ ಮರ, ರಟ್ಟು, ಕಾಗದ ತುಂಬಿದೆ, ಗಾಳಿ ಸ್ವಲ್ಪ. ಆ ಮರ-ಕಾಗದವೇ ಗಾಳಿಯ ತೇವ ಹೀರಿಕೊಂಡು ಸಮ ಮಾಡುತ್ತೆ. ಷರತ್ತು ಒಂದೇ, ಪ್ಯಾಕ್ ಮಾಡುವಾಗ ರಟ್ಟು, ಮರ ಒಣಗಿರಬೇಕು. ತೇವದ ರಟ್ಟನ್ನು ಒಳಗೆ ಸೀಲ್ ಮಾಡಿದರೆ ಬೂಷ್ಟನ್ನೇ ಪಾರ್ಸಲ್ ಮಾಡಿದ ಹಾಗೆ. ಬೆವರೋದು ಹೆಚ್ಚಾಗಿ ಬಿಚ್ಚುವಾಗ: ತಣ್ಣಗಿರುವ ಪೆಟ್ಟಿಗೆಯನ್ನು ಬೆಚ್ಚಗಿನ, ತೇವದ ಕೋಣೆಯಲ್ಲಿ ತಕ್ಷಣ ತೆರೆದರೆ ಚಿತ್ರದ ಮೇಲೇ ಹನಿ ಕೂರುತ್ತೆ. 24 ಗಂಟೆ ಹಾಗೇ ಇಟ್ಟು ಆಮೇಲೆ ಬಿಚ್ಚಲು ಮೊದಲೇ ಸಂದೇಶ ಕಳಿಸಿ. ಪೆಟ್ಟಿಗೆಯೊಳಗೆ ಬರೆದಿಟ್ಟರೆ ತೆರೆದ ಮೇಲೆ ಓದ್ತಾರೆ!

ಹಾಳೆಹುಳ:
ಒಪ್ಪಿದೆ. ಇದೊಂದಕ್ಕೆ.

ಮೂಲೆಮನೆ:
ಕ್ಯಾನ್ವಾಸ್ ಹೊರದೇಶಕ್ಕೆ ಅಂದಿರಿ. ಗೋಡೆಗೆ ಮರದ ರೀಪು ಹಾಕೋದಾದರೆ ಜೋಪಾನ. ಐಎಸ್‌ಪಿಎಂ 15 ಅನ್ನೋ ಅಂತರರಾಷ್ಟ್ರೀಯ ನಿಯಮ, ಮರದ ಜತೆ ಕೀಟ ಹರಡದಿರಲಿ ಅಂತ: ಹೊರದೇಶಕ್ಕೆ ಹೋಗುವ ಪ್ಯಾಕಿಂಗ್‌ನ ಹಸಿ ಮರ, ಅಂದರೆ ಕಾರ್ಖಾನೆಯಲ್ಲಿ ಒತ್ತಿ ಅಂಟಿಸದ ಮರ, ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿರಬೇಕು, ಇಲ್ಲಾ ಒಪ್ಪಿತವಾದ ಬೇರೆ ಸಂಸ್ಕರಣೆ ಆಗಿರಬೇಕು, ತೆನೆ ಚಿಹ್ನೆಯ ಮುದ್ರೆ ಇರಬೇಕು. ಇಲ್ಲದಿದ್ದರೆ ಸುಂಕದ ಕಟ್ಟೆಯಲ್ಲೇ ನಿಲ್ಲುತ್ತೆ. ಪ್ಲೈವುಡ್‌ಗೆ ಈ ನಿಯಮ ಇಲ್ಲ, 6 ಮಿ.ಮೀ. ಅಥವಾ ಅದಕ್ಕಿಂತ ತೆಳು ಮರಕ್ಕೂ ಇಲ್ಲ.

ಅಳತೆಪಟ್ಟಿ:
ಸರಿಯಾಗಿ ಹಿಡಿದಿರಿ. ಹಾಗಾದರೆ ಗೋಡೆ ಫೋಮ್‌ದೇ ಇರಲಿ, ಇಲ್ಲಾ ಪ್ಲೈ ಪಟ್ಟಿ ಅಂಟಿಸಿ.

ಮೂಲೆಮನೆ:
ಕಾಗದಪತ್ರದಲ್ಲಿ ಬರೀ ‘ಪೇಂಟಿಂಗ್’ ಅಂತ ಬರೆದರೆ ಪ್ರಶ್ನೆ ಬರುತ್ತೆ. ‘ಕೈಯಿಂದ ಬಿಡಿಸಿದ ಮೂಲ ಚಿತ್ರ, ಕ್ಯಾನ್ವಾಸ್ ಮೇಲೆ ಅಕ್ರಿಲಿಕ್, 60×90 ಸೆಂ.ಮೀ., ವರ್ಷ, ಸಹಿ ಇದೆ’ ಅಂತ ಪೂರ್ತಿ ಬರೆಯಿರಿ. ಸುಂಕದ ಎಚ್ಎಸ್ ಸಂಕೇತ, ಅಂದರೆ ಸರಕು ಯಾವ ಬಗೆಯದು ಅಂತ ಹೇಳೋ ಅಂತರರಾಷ್ಟ್ರೀಯ ಸಂಖ್ಯೆ, 9701. 2022ರ ಪರಿಷ್ಕರಣೆಯಿಂದ ನೂರು ವರ್ಷ ಮೀರದ ಚಿತ್ರಗಳಿಗೆ 9701.91. ಪ್ರಿಂಟರ್‌ನಲ್ಲಿ ತೆಗೆದ ಪ್ರತಿಗೆ ಈ ಸಂಕೇತ ಹಾಕಬೇಡಿ, ಅದು ಬೇರೆ ಅಧ್ಯಾಯ. ಸುಂಕ ಉಳಿಸೋಕೆ ಬೆಲೆ ಕಡಿಮೆ ತೋರಿಸಿದರೆ, ಹಾಳಾದಾಗ ಪರಿಹಾರವೂ ಅಷ್ಟಕ್ಕೇ.

ಸೀಸಕಡ್ಡಿ:
ಪರಿಹಾರ ಅಂದಿರಲ್ಲ, ಬೆಲೆ ಘೋಷಿಸಿದರೆ ವಿಮೆ ಆದ ಹಾಗೇ ತಾನೆ?

ಮೂಲೆಮನೆ:
ಅಲ್ಲ. ಘೋಷಿಸಿದ ಬೆಲೆ ಸುಂಕಕ್ಕೆ. ವಿಮೆ ಬೇರೆ. ಎಷ್ಟೋ ಸಾಗಣೆ ಕರಾರುಗಳಲ್ಲಿ ಮೂಲಕೃತಿಗಳನ್ನು ಹೊರಗಿಟ್ಟಿರುತ್ತಾರೆ, ಇಲ್ಲವೇ ಸಣ್ಣ ಮಿತಿ ಹಾಕಿರುತ್ತಾರೆ. ಕರಾರಿನ ‘ಒಳಗೊಳ್ಳದ ವಸ್ತುಗಳು’ ಪಟ್ಟಿ ಓದದೆ ಕೊಡಬೇಡಿ. ಚಿತ್ರದ ಮುಂದೆ, ಹಿಂದೆ, ನಾಲ್ಕು ಮೂಲೆ, ಪ್ಯಾಕಿಂಗಿನ ಒಂದೊಂದು ಹಂತ, ಎಲ್ಲದರ ಫೋಟೋ ಇರಲಿ. ಹಾಳಾಗಿ ತಲುಪಿದರೆ ಪಡೆದವರು ಪೆಟ್ಟಿಗೆ, ಫೋಮ್ ಏನನ್ನೂ ಎಸೆಯಬಾರದು. ತಪಾಸಣೆಗೆ ಬಂದವರು ಮೊದಲು ಕೇಳೋದೇ ಅದನ್ನ.

ಬಣ್ಣದಡಬ್ಬಿ:
ಸರಿ, ಹೀಗೆ ಅಂದುಕೊಂಡೆ. ಕ್ಯಾನ್ವಾಸಿಗೆ ಪ್ಲೈ ಟ್ರೇ, ಫೋಮ್ ಗೋಡೆ, 80×110×13 ಪೆಟ್ಟಿಗೆ. ಜಲವರ್ಣದ ಗಾಜು ತೆಗೆದು ಅಕ್ರಿಲಿಕ್ ಶೀಟ್, ಬೇರೆ ಪೆಟ್ಟಿಗೆ. ಪಾಸ್ಟೆಲ್ ಕಿಟಕಿ ಚೌಕಟ್ಟಿನಲ್ಲಿ, ಇನ್ನೊಂದು ಚಪ್ಪಟೆ ಪೆಟ್ಟಿಗೆ. ಪಾಸ್ಟೆಲ್ ಪೆಟ್ಟಿಗೆಗೂ ಮೂಲೆ ಫೋಮ್ ಬೇಕಾ?

ಇದ್ದಿಲು:
ಬೇಕು. ಏಟಿಗೆ ಹಾಳೆ ಹರಿಯಲ್ಲ, ಪುಡಿ ಉದುರುತ್ತೆ. ಮುಖ ಮೇಲೆ ಬರುವ ಹಾಗೆ ಬಾಣ ಹಾಕಿ. ತಲೆಕೆಳಗಾಗಿ ಹೋದರೂ ಚೌಕಟ್ಟಿನ 5 ಮಿ.ಮೀ. ಖಾಲಿ ಇರೋದರಿಂದ ಚಿತ್ರ ಉಜ್ಜಿಹೋಗಲ್ಲ, ಉದುರಿದ ಪುಡಿ ಮುಚ್ಚಳದ ಬೋರ್ಡಿಗೆ ಬೀಳುತ್ತೆ.

ಅಳತೆಪಟ್ಟಿ:
ಕಳಿಸೋಕೆ ಮುಂಚೆ ಒಂದು ಪರೀಕ್ಷೆ. ಟ್ರೇಯಲ್ಲಿ ಚಿತ್ರದ ಬದಲು ಅಷ್ಟೇ ತೂಕದ ಹಳೇ ಸ್ಟ್ರೆಚರ್ ಕಟ್ಟಿ, ಪೆಟ್ಟಿಗೆ ಮುಚ್ಚಿ, ಸೊಂಟದೆತ್ತರದಿಂದ ಮೂಲೆ ಮೇಲೆ ಬೀಳಿಸಿ. ಒಂದು ಮೂಲೆ, ಒಂದು ಅಂಚು, ಒಂದು ಮುಖ. ಬಿಚ್ಚಿ ನೋಡಿ, ಸ್ಕ್ರೂ ಸಡಿಲಾಗಿದೆಯಾ, ಗೋಡೆ ಸರಿದಿದೆಯಾ. ಆಮೇಲೆ ನಿಜವಾದದ್ದು ಹಾಕಿ. ಜಜ್ಜಿದ ಮೂಲೆ ಫೋಮ್ ಬದಲಿಸಿ, ಹೊರ ರಟ್ಟೂ ಹೊಸದು.

ಬಣ್ಣದಡಬ್ಬಿ:
ಕಿವಿಗೆ ತಾಗಿಸಿ ಕುಲುಕಿದರೆ ಸದ್ದು ಬರಬಾರದು, ಅಷ್ಟೇ ತಾನೆ?

ಇದ್ದಿಲು:
ಸದ್ದು ಬಂದರೆ ಅದು ಬೆಣೆ. ಕಟ್ಟಿದ್ದೀರಾ?

ಬಣ್ಣದಡಬ್ಬಿ:
ಈಗ ದಾರ ಹುಡುಕ್ತಾ ಇದ್ದೀನಿ.

ರಟ್ಟುರಾಯ:
ವಿಳಾಸದ ಇನ್ನೊಂದು ಚೀಟಿ ಪೆಟ್ಟಿಗೆಯ ಒಳಗೂ ಹಾಕಿ. ಹೊರಗಿನ ಲೇಬಲ್ ಕಿತ್ತುಹೋದರೆ ಪಾರ್ಸಲ್ ಯಾರದು ಅಂತ ತಿಳಿಯೋಕೆ ಅವರಿಗೆ ಇರೋದು ಅದೊಂದೇ.